ಪಂದ್ಯಕ್ಕೆ ಜನ ಸೇರ್ತಾರೆ, ತಂಡಕ್ಕೆ ದುಡ್ಡು ಹುಟ್ಟೋದಿಲ್ಲ, ಯಾಕೆ?

ಕುಮಟಾ ಕಬಡ್ಡಿ:
ನಮ್ಮದು ಕುಮಟಾ ತಾಲೂಕಿನ ಯುವಕ ಮಂಡಳಿ. ಹೊನಲು ಬೆಳಕಿನ ಪಂದ್ಯ ಇಟ್ಟರೆ ಕಾಲಿಡಲು ಜಾಗ ಇರುವುದಿಲ್ಲ. ಅದೇ ಜನರ ಹತ್ತಿರ ಜೆರ್ಸಿ, ಮ್ಯಾಟ್, ಗಾಡಿ ಬಾಡಿಗೆ ಅಂತ ಹೋದರೆ "ಮುಂದಿನ ತಿಂಗಳು ನೋಡುವ" ಅಂತಾರೆ. ನೋಡಲು ಬರುವವರಿಗೆ ಏನು ಬೇಕು, ಕೊಡುವವರಿಗೆ ಏನು ಬೇಕು? ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ಸಿಎಸ್‌ಆರ್ ಹಣ ಕೇಳಬಹುದಾ? ಸೊಸೈಟಿ ನೋಂದಣಿ ಬಿಟ್ಟು ಬೇರೆ ಕಾಗದ ಇಲ್ಲ.

ಅಂಕೋಲಾ ರೆಫ್ರಿ:
ಎರಡನ್ನೂ ಒಂದೇ ಅಂದುಕೊಂಡಿದ್ದೇ ತೊಡಕು. ನೋಡುವವನಿಗೆ ಬೇಕಾದ್ದು "ನಮ್ಮೂರು" ಅನ್ನೋ ಹೆಮ್ಮೆ. 1976ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಲೆಕ್ಕ ಹಾಕಿದ್ದರು: ಫುಟ್‌ಬಾಲ್ ತಂಡ ಗೆದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ಹೆಚ್ಚು ಕಾಣುತ್ತಿತ್ತು, ಗೆದ್ದಾಗ "ನಾವು" ಅಂತ ಬರುತ್ತಿದ್ದ ಮಾತು ಸೋತಾಗ ಕಡಿಮೆಯಾಗುತ್ತಿತ್ತು. ನಮ್ಮಲ್ಲೂ ಗೆದ್ದರೆ "ನಾವು ಹೊಡೆದ್ವಿ", ಸೋತರೆ "ಹುಡುಗರು ಆಡಲಿಲ್ಲ".

ಹಾಗಾಗಿ ಜೆರ್ಸಿ ಎದೆ ಮೇಲೆ ಊರಿನ ಹೆಸರು ದೊಡ್ಡದಾಗಿ ಇರಲಿ. ನಾಲ್ಕು ಅಂಗಡಿ ಲೋಗೋ ತುರುಕಿ ಊರನ್ನು ಬೆನ್ನ ಮೂಲೆಗೆ ತಳ್ಳಿದ ಜೆರ್ಸಿಯನ್ನು ದುಡ್ಡು ಕೊಟ್ಟು ಯಾರೂ ಕೊಳ್ಳುವುದಿಲ್ಲ. ಆಟಗಾರರಿಗೆ 12 ಹೊಲಿಸುವಾಗಲೇ ಊರವರ ಆರ್ಡರನ್ನೂ ಸೇರಿಸಿ. ಹಣ ಮೊದಲು, ಅಂಗಿ ಆಮೇಲೆ.

ಶಿರಸಿ ಲೆಕ್ಕಿಗ:
ಕೊಡುವವನ ತಲೆಯಲ್ಲಿರೋದು ಬೇರೆ: ಹೋದ ವರ್ಷದ ದುಡ್ಡು ಏನಾಯ್ತು? ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಹಾಕಿಸಿ, ಜಮಾ-ಖರ್ಚನ್ನು ಪಂದ್ಯದ ಮರುವಾರವೇ ದೇವಸ್ಥಾನದ ಬೋರ್ಡಿಗೆ ಹಚ್ಚಿ. ಉಳಿಕೆ ಎಷ್ಟು, ಯಾವ ಬ್ಯಾಂಕಿನಲ್ಲಿದೆ ಅಂತಲೂ ಬರೆಯಿರಿ. ಊಟದ ಖರ್ಚನ್ನು "ಇತರೆ" ಅಂತ ಮುಚ್ಚಿಟ್ಟಿರೋ, ಮುಂದಿನ ವಂತಿಗೆ ಅಲ್ಲಿಗೇ ಮುಗಿಯಿತು.

"ತಂಡಕ್ಕೆ ಸಹಾಯ ಮಾಡಿ" ಅನ್ನಬೇಡಿ, ಸಾಮಾನಿನ ಹೆಸರು ಹೇಳಿ ಕೇಳಿ. 13×10 ಮೀಟರ್ ಅಂಕಣಕ್ಕೆ ಒಂದು ಮೀಟರ್ ಚೌಕದ ಮ್ಯಾಟ್ 130 ಬೇಕು, ಸುತ್ತಲಿನ ಅಂಚಿಗೆ ಬೇರೆ. ಒಂದು ಮನೆಗೆ ಒಂದು ಮ್ಯಾಟ್ ಅಂದರೆ ಸಣ್ಣವರೂ ಕೊಡುತ್ತಾರೆ, ಯಾರದು ಯಾವುದು ಅಂತ ಅಡಿಯಲ್ಲಿ ಬರೆಯಲೂಬಹುದು. ಆದರೆ ಮಳೆಗಾಲದಲ್ಲಿ ಅದನ್ನು ಸಿಮೆಂಟ್ ನೆಲಕ್ಕೇ ಪೇರಿಸಿಟ್ಟರೆ ಬೂಸ್ಟು ಹಿಡಿಯುತ್ತೆ, ಕೊಟ್ಟವರ ಕಣ್ಣಿಗೂ ಬೀಳುತ್ತೆ. ಕೆಳಗೆ ಅಡಿಕೆ ದಬ್ಬೆ ಹಾಕಿ, ಗೋಡೆಯಿಂದ ಗೇಣು ದೂರ ಇಡಿ.

ಕಾಲ ನೋಡಿ ಹೋಗಿ. ಬೋಟಿನವರಿಗೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ನಿಷೇಧ, ಆಗ ಕೇಳುವುದೇ ತಪ್ಪು. ಘಟ್ಟದ ಮೇಲಿನವರ ಹತ್ತಿರ ಚಾಲಿ (ಒಣಗಿಸಿದ ಅಡಿಕೆ) ಸುಲಿದು ಮಾರಿದ ಮೇಲೆ ಹೋಗಿ. ಮುಂಬೈ, ಗೋವಾದವರನ್ನು ಚೌತಿಗೆ ಊರಿಗೆ ಬಂದಾಗ ಮನೆಗೇ ಹೋಗಿ ಕಾಣಿ, ಫೋನಿನಲ್ಲಿ ಕೆಲಸ ಆಗೋದಿಲ್ಲ.

ಕಾಳಿ ದಂಡೆ:
ಸಿಎಸ್‌ಆರ್ ಬಗ್ಗೆ. ಕಂಪನಿ ಕಾಯ್ದೆ 2013ರ 135ನೇ ಕಲಂ ಮತ್ತು ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಗೆ ಜಾಗ ಇದೆ, ಆದರೆ ಅಲ್ಲಿರೋದು "ತರಬೇತಿ". ಒಂದು ರಾತ್ರಿಯ ಪಂದ್ಯಾವಳಿಗೆ ಕೇಳಿದರೆ ಅರ್ಜಿ ಬದಿಗೆ ಹೋಗುತ್ತೆ. "ನಿಮ್ಮ ಬ್ಯಾನರ್ ಹಾಕ್ತೇವೆ" ಅಂತ ಬರೆದರೆ ಇನ್ನೂ ಕೆಟ್ಟಿತು: ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರೋದೇ ಇಲ್ಲ. ಆ ಮಾತು ಅಂಗಡಿ, ಜ್ಯುವೆಲರಿಯವರಿಗೆ ಇಟ್ಟುಕೊಳ್ಳಿ.

ಕಂಪನಿ ನಿಮ್ಮ ಮೂಲಕ ಖರ್ಚು ಮಾಡಬೇಕಾದರೆ ಸೊಸೈಟಿಗೆ ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ, ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ, ಜೊತೆಗೆ ಸಿಎಸ್‌ಆರ್ ಕೆಲಸಕ್ಕೆ ಸಂಸ್ಥೆಯನ್ನು ನೋಂದಾಯಿಸುವ ಸಿಎಸ್‌ಆರ್-1 ಫಾರ್ಮ್ ಬೇಕು. ಕಾಯ್ದೆ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಅನ್ನುವುದರಿಂದ ಜಿಲ್ಲೆಯಲ್ಲೇ ಘಟಕ ಇರುವ ಕಂಪನಿಯನ್ನು ಮೊದಲು ಹಿಡಿಯಿರಿ.

ಕುಮಟಾ ಕಬಡ್ಡಿ:
ಥ್ಯಾಂಕ್ಸ್ ಸರ್. 80ಜಿ ಆದರೆ ಊರಿನ ದಾನಿಗಳು ಹೆಚ್ಚು ಕೊಡಬಹುದಾ?

ಶಿರಸಿ ಲೆಕ್ಕಿಗ:
ಅದರ ಆಸೆ ಬಿಡಿ. 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿದವರಿಗಂತೂ ಸಿಗೋದೇ ಇಲ್ಲ. ಊರಿನ ದಾನಿಗೆ ಮೈಕಿನಲ್ಲಿ ಹೆಸರು ಸರಿಯಾಗಿ, ಮನೆತನದ ಸಮೇತ ಹೇಳಿದರೆ ಸಾಕು. ಕೂಗುವವನ ಕೈಗೆ ಪಟ್ಟಿಯನ್ನು ಬರೆದೇ ಕೊಡಿ. ದೊಡ್ಡ ಮೊತ್ತದವರನ್ನು ಫೈನಲ್ ತನಕ ಕಾಯಿಸಬೇಡಿ, ಅಷ್ಟು ಹೊತ್ತಿಗೆ ಬೆಳಗಿನ ಜಾವ ಮೂರಾಗಿರುತ್ತೆ, ಅವರು ಮನೆಗೆ ಹೋಗಿರುತ್ತಾರೆ.