ಕೀಮೋ ನಡೆಯುವಾಗ ಯೋಗ, ಶುಂಠಿ, ಅಮೃತಬಳ್ಳಿ, ಅರಿಶಿನದ ಕ್ಯಾಪ್ಸೂಲ್: ಯಾವುದು ಇರಲಿ, ಯಾವುದು ಬೇಡ?

ಯೋಗಶಾಲೆ_ತುಮಕೂರು ಕೇಳಿದ್ದು:

ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಧ್ಯವಯಸ್ಸಿನ ಮಹಿಳೆಯೊಬ್ಬರು ತರಗತಿಗೆ ಸೇರಬೇಕೆಂದಿದ್ದಾರೆ. ಎಡಗಡೆ ಆಪರೇಷನ್ ಆಗಿದೆ, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಈಗ ಎಸಿ ಕೀಮೋ (ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಿಗಳ ಜೋಡಿ), ಅದೇ ಕೆಂಪು ಔಷಧಿ. ಮುಂದೆ ವಾರಕ್ಕೊಂದರಂತೆ 12 ಡೋಸ್ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ, ಆಮೇಲೆ ರೇಡಿಯೇಷನ್, ಕೊನೆಗೆ ಹಾರ್ಮೋನ್ ತಡೆಯುವ ಮಾತ್ರೆ ಟ್ಯಾಮಾಕ್ಸಿಫೆನ್. ಆಂಕಾಲಜಿ ಡಾಕ್ಟರು ಯೋಗಕ್ಕೆ ಒಪ್ಪಿ, ಉಳಿದದ್ದನ್ನೆಲ್ಲ ನಿಲ್ಲಿಸಿ ಅಂದಿದ್ದಾರೆ. ಮನೆಯಲ್ಲಿ ಬೆಳಿಗ್ಗೆ ಗೋಧಿಹುಲ್ಲು-ಅಮೃತಬಳ್ಳಿ ರಸ, ರಾತ್ರಿ ಹಾಲಿಗೆ ಅಶ್ವಗಂಧ, ಜೊತೆಗೆ ಕರ್ಕ್ಯುಮಿನ್ ಕ್ಯಾಪ್ಸೂಲ್ ನಡೆಯುತ್ತಿದೆ. "ಅಡುಗೆಮನೆ ಪದಾರ್ಥ ತಾನೇ, ಏನು ಮಾಡೀತು" ಅನ್ನುತ್ತಾರೆ. ಬರೀ "ಬೇಡ" ಅಂದರೆ ಕೇಳುವವರಲ್ಲ, ಕಾರಣ ಬೇಕು. ವಾಂತಿ, ಸುಸ್ತಿಗೆ ಏನು ಮಾಡಿಸಬಹುದು ಅನ್ನುವುದನ್ನೂ ತಿಳಿಸಿ.

ಮಾತ್ರೆಡಬ್ಬಿ (ಆಸ್ಪತ್ರೆ ಫಾರ್ಮಸಿಸ್ಟ್):

ಮನೆಯವರಿಗೆ ನಾಟುವ ಕಾರಣ ಒಂದಿದೆ, ಮೊದಲು ಅದನ್ನೇ ಹೇಳಿ. ಕೆಂಪು ಔಷಧಿ, ಅಂದರೆ ಡಾಕ್ಸೊರುಬಿಸಿನ್, ದೇಹದಿಂದ ಹೊರಹೋಗುವುದು ಬಹುಪಾಲು ಲಿವರ್ ಮೂಲಕ. ರಕ್ತಪರೀಕ್ಷೆಯಲ್ಲಿ ಲಿವರಿನ ಸ್ಥಿತಿ ತೋರಿಸುವ ಬಿಲಿರುಬಿನ್ 1.2 ದಾಟಿದರೆ ಅದರ ಡೋಸನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ, ಇಲ್ಲವೇ ಸೈಕಲ್ ಮುಂದಕ್ಕೆ ಹಾಕಬೇಕಾಗುತ್ತದೆ. ಅಮೃತಬಳ್ಳಿಯಿಂದಲೂ ಅಶ್ವಗಂಧದಿಂದಲೂ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಎಲ್ಲರಿಗೂ ಹಾಗಾಗುವುದಿಲ್ಲ, ನಿಜ. ಆದರೆ ಆದಾಗ ಅದು ಕೀಮೋದಿಂದಲೋ ಕಷಾಯದಿಂದಲೋ ಎಂದು ಡಾಕ್ಟರಿಗೆ ಬಿಡಿಸಿ ನೋಡಲು ಬರುವುದಿಲ್ಲ, ಕೀಮೋ ತಗ್ಗಿಸುತ್ತಾರೆ. ಶಕ್ತಿ ಬರಲಿ ಅಂತ ಕೊಟ್ಟ ರಸದಿಂದ ಅಸಲಿ ಔಷಧಿಗೇ ಕತ್ತರಿ ಬೀಳುತ್ತದೆ.

ಗೋಧಿಹುಲ್ಲಿನ ಪ್ರಶ್ನೆ ಬೇರೆ, ಅದು ಹಸಿ. ಎಸಿ ಕೊಟ್ಟ 7ರಿಂದ 14ನೇ ದಿನದ ನಡುವೆ ಸೋಂಕು ತಡೆಯುವ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಮಣ್ಣಿನ ಟ್ರೇಯಲ್ಲಿ ಬೆಳೆದ ಹುಲ್ಲನ್ನು ಎಷ್ಟು ತೊಳೆದರೂ ಬುಡದ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ, ರಸ ಕುದಿಸಿ ಕುಡಿಯುವವರು ಯಾರೂ ಇಲ್ಲ.

ಅರಿಶಿನ: ಸಾರು-ಪಲ್ಯಕ್ಕೆ ಹಾಕುವಷ್ಟು ಧಾರಾಳವಾಗಿ ಹಾಕಲಿ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಎರಡರಿಂದ ಐದು ಪಾಲು, ಅದರಲ್ಲೂ ಕರುಳು ಹೀರುವುದು ಅತ್ಯಲ್ಪ. ಹೀರಿಕೆ ಹೆಚ್ಚಲಿ ಎಂದೇ ಕ್ಯಾಪ್ಸೂಲಿಗೆ ಮೆಣಸಿನ ಸತ್ವ ಪೈಪರಿನ್ ಸೇರಿಸುತ್ತಾರೆ, ತಕರಾರು ಹುಟ್ಟುವುದು ಅಲ್ಲಿ. ಟ್ಯಾಮಾಕ್ಸಿಫೆನ್ ನುಂಗಿದ ಹಾಗೇ ಪೂರ್ತಿ ಕೆಲಸ ಮಾಡದು. ಲಿವರ್ ಅದನ್ನು ಎಂಡಾಕ್ಸಿಫೆನ್ ಆಗಿ ಮಾರ್ಪಡಿಸಬೇಕು. 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 1200 ಮಿ.ಗ್ರಾಂ ಕರ್ಕ್ಯುಮಿನ್ ಜೊತೆ 10 ಮಿ.ಗ್ರಾಂ ಪೈಪರಿನ್ ದಿನಕ್ಕೆ ಮೂರು ಸಲ ಕೊಟ್ಟಾಗ ಎಂಡಾಕ್ಸಿಫೆನ್ ಮಟ್ಟ ಸುಮಾರು ಶೇ 12ರಷ್ಟು ಇಳಿಯಿತು. ಮೊದಲೇ ಮಟ್ಟ ಅಂಚಿನಲ್ಲಿರುವವರಿಗೆ ಇಷ್ಟು ಇಳಿಕೆಯೂ ಬೇಡದ ತಲೆನೋವು. ಲೇಬಲ್ಲಿನಲ್ಲಿ ಪೈಪರಿನ್ ಅಥವಾ "ಬಯೋ" ಅಂತ ಏನಾದರೂ ಕಂಡರೆ ಬದಿಗಿಡಿ.

ವಾಂತಿಗೆ ಶುಂಠಿ ಆಗುತ್ತದೆ. ಒಣಶುಂಠಿ ಪುಡಿ ದಿನಕ್ಕೆ ಅರ್ಧದಿಂದ ಒಂದು ಗ್ರಾಂ, ಅಂದರೆ ಕಾಲು ಟೀ ಚಮಚದಿಂದ ಅರ್ಧ ಟೀ ಚಮಚ, ಎರಡು ಹೊತ್ತಿಗೆ ಹಂಚಿ. ಹೆಚ್ಚು ಕೊಟ್ಟರೆ ಹೆಚ್ಚು ಗುಣವೇನೂ ಕಂಡಿಲ್ಲ. ಕೀಮೋಗೆ ಮೂರು ದಿನ ಮುಂಚಿನಿಂದ ಶುರು ಮಾಡಿದ ಪ್ರಯೋಗದಲ್ಲಿ ಓಕರಿಕೆ ಕಡಿಮೆಯಾಗಿದೆ, ಆದರೆ ಅಲ್ಲೂ ವಾಂತಿ ತಡೆಯುವ ಆಂಡನ್ಸೆಟ್ರಾನ್ ತರಹದ ಮಾತ್ರೆ ಜೊತೆಗಿತ್ತು. ಮಾತ್ರೆ ಬಿಟ್ಟು ಶುಂಠಿ ಕುಡಿಸಿದರೆ ಮೂರನೇ ದಿನ ಡ್ರಿಪ್ ಹಾಕಿಸಬೇಕಾದೀತು. ಪ್ಲೇಟ್‌ಲೆಟ್ ಇಳಿದಿದ್ದರೆ, ಎದೆಯುರಿ ಇದ್ದರೆ ಶುಂಠಿಯೂ ಬೇಡ. ಕೆಮ್ಮಿನ ಕಷಾಯದಲ್ಲಿ ಜ್ಯೇಷ್ಠಮಧು ಇದೆಯೇ ನೋಡಿ: ದಿನಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಇಳಿಯುತ್ತದೆ, ವಾಂತಿಯಲ್ಲಿ ಅದು ಮೊದಲೇ ಸೋರಿಹೋಗಿರುತ್ತದೆ.

ಇವರಿಗೆ ಅನ್ವಯಿಸದು, ಆದರೂ ಓದುವವರಿಗಿರಲಿ: ಸ್ತನ ಕ್ಯಾನ್ಸರಿಗೇ ಕೊಡುವ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್ ಮಾತ್ರೆ ನುಂಗುವವರು ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಚೀಟಿಯಲ್ಲಿರುತ್ತದೆ. ಆ ಹಣ್ಣು ನಮ್ಮಲ್ಲಿ ಯಾರು ತಿನ್ನುತ್ತಾರೆ ಅಂದುಕೊಳ್ಳಬೇಡಿ. ನಮ್ಮ ದೇವನಹಳ್ಳಿ ಚಕ್ಕೋತ ಅದರ ಹತ್ತಿರದ ನಂಟು, ಔಷಧಿಯನ್ನು ಒಡೆಯುವ ಕಿಣ್ವವನ್ನು ಗ್ರೇಪ್‌ಫ್ರೂಟಿನಂತೆಯೇ ತಡೆಯುವ ಗುಣ ಅದಕ್ಕೂ ಇದೆ.

ಭುಜಬಲ (ಫಿಸಿಯೊಥೆರಪಿಸ್ಟ್):

ಬಾಯಿಗೆ ಹೋಗದ ಉಪಾಯಗಳಿಗೇ ಇಲ್ಲಿ ಪುರಾವೆ ಹೆಚ್ಚು. ಜಿಗಣಿಯ ಎಸ್-ವ್ಯಾಸ ವಿಶ್ವವಿದ್ಯಾಲಯದವರು ಬೆಂಗಳೂರಿನಲ್ಲೇ 62 ಮಹಿಳೆಯರ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೀಮೋ ನಂತರದ ಓಕರಿಕೆ ಯೋಗ ಮಾಡಿದವರಲ್ಲಿ ಕಡಿಮೆಯಿತ್ತು. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಜೊತೆ ಸೇರಿ ಮಾಡಿದ 2014ರ ಪ್ರಯೋಗದಲ್ಲಿ ರೇಡಿಯೇಷನ್ ಆರು ವಾರವೂ ವಾರಕ್ಕೆ ಮೂರು ದಿನ ಯೋಗ ಮಾಡಿಸಿದ್ದರು.

ಕೀಮೋ ದಿನ ಮತ್ತು ಮರುದಿನ 20 ನಿಮಿಷ ಯೋಗನಿದ್ರೆ ಸಾಕು. ಭ್ರಾಮರಿ, ಕುಂಭಕವಿಲ್ಲದ (ಉಸಿರು ಹಿಡಿಯದ) ನಾಡಿಶೋಧನ ಇರಲಿ; ಕಪಾಲಭಾತಿ, ಭಸ್ತ್ರಿಕಾ ಬೇಡ, ಹೊಟ್ಟೆ ಕುಲುಕಿದರೆ ಓಕರಿಕೆ ಜಾಸ್ತಿಯಾಗುತ್ತದೆ. ಸುಸ್ತಿಗೆ ಮಲಗಿಸಬೇಡಿ, ನಡೆಸಿ. 10 ನಿಮಿಷದ ನಡಿಗೆ ದಿನಕ್ಕೆ ಎರಡು ಸಲ, ಮಾತಾಡುತ್ತಾ ನಡೆಯುವಷ್ಟು ವೇಗ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ ಡಾಕ್ಟರನ್ನು ಕೇಳದೆ ಏನೂ ಬೇಡ. ಜ್ವರ 100.4 ಮುಟ್ಟಿದರೆ ತರಗತಿಯ ಮಾತು ಬಿಡಿ, ರಾತ್ರಿಯಾದರೂ ನೇರ ಆಸ್ಪತ್ರೆಗೆ.

ಎಡಗೈ ಬಗ್ಗೆ ಎರಡು ಅತಿರೇಕ ಕಾಣುತ್ತವೆ. ಕೆಲವರು ಮೊದಲ ವಾರವೇ ಅಧೋಮುಖ ಶ್ವಾನಾಸನ ಮಾಡಿಸಿ ಇಡೀ ಮೈಭಾರ ಹೊರಿಸುತ್ತಾರೆ. ಇನ್ನು ಕೆಲವರು ಕೈ ಅಲ್ಲಾಡಿಸಲೂ ಬಿಡದೆ ಭುಜ ಸೆಟೆದುಕೊಳ್ಳುವಂತೆ ಮಾಡುತ್ತಾರೆ. ಗಾಯದ ನೀರು ಹೊರಹಾಕುವ ನಳಿಕೆ (ಡ್ರೈನ್) ತೆಗೆದು ಸರ್ಜನ್ ಒಪ್ಪಿದ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಿ, ಎಳೆತ ಸಿಕ್ಕಲ್ಲಿ ಐದು ಉಸಿರು ನಿಂತು ಇಳಿಸಲಿ. ಭಾರವನ್ನು ಅರ್ಧ ಕೆ.ಜಿ.ಯಿಂದ ನಿಧಾನ ಏರಿಸಿದರೆ ಕೈಬಾವು ಹೆಚ್ಚುವುದಿಲ್ಲ ಎಂದು 2009ರಲ್ಲೇ ಗೊತ್ತಾಗಿದೆ. ಬಳೆ, ಉಂಗುರ, ರವಿಕೆ ತೋಳು ಬಿಗಿಯಾಯಿತು ಅಂದ ದಿನವೇ ಟೇಪ್ ಹಿಡಿದು ಎರಡೂ ಕೈ ಅಳೆಯಿರಿ. 2 ಸೆಂ.ಮೀ. ವ್ಯತ್ಯಾಸ ಇದ್ದರೆ ತಡಮಾಡಬೇಡಿ. ಆ ಕೈಗೆ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವುದು ಖಂಡಿತ ಬೇಡ.

ಓಕರಿಕೆಗೆ ಒತ್ತುಬಿಂದು ಕೂಡ ಕಲಿಸಿ. ಬಲಗೈ ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ರೋಗಿಯ ಮೂರು ಬೆರಳಗಲ ಅಳೆಯಿರಿ. ಅಲ್ಲಿ ಎರಡು ನರದಂಥ ಸ್ನಾಯುಹುರಿಗಳ ನಡುವಿನ ತಗ್ಗು, ಅದೇ ಪಿ6 ಎನ್ನುವ ಬಿಂದು. ಹೆಬ್ಬೆರಳಿನಿಂದ ಎರಡು-ಮೂರು ನಿಮಿಷ ಒತ್ತಿ. ನೋವಾಗುವಷ್ಟು ಒತ್ತಬೇಡಿ. ಸಾಮಾನ್ಯ ತಪ್ಪು ಅಂದರೆ ನಾಡಿ ಹಿಡಿಯುವ ಬದಿಗೆ ಜಾರಿಬಿಡುವುದು. ಎಡಗೈಗೆ ಬಿಗಿ ಪಟ್ಟಿ ಕಟ್ಟಬೇಡಿ.

ಮೂಲಿಕೆ (ಆಯುರ್ವೇದ ವೈದ್ಯ):

ಮಾತ್ರೆಡಬ್ಬಿಯವರ ಮಾತಿಗೆ ನನ್ನದೂ ಸಹಿ. ಅಶ್ವಗಂಧದ ಪರ ಎಲ್ಲರೂ ತೋರಿಸುವುದು ಮಲೇಷ್ಯಾದಲ್ಲಿ 100 ಮಹಿಳೆಯರ ಮೇಲೆ ನಡೆದ 2013ರ ಅಧ್ಯಯನವನ್ನು. ಸುಸ್ತು ಕಡಿಮೆ ಕಂಡಿತ್ತು, ಸರಿ. ಆದರೆ ಯಾರಿಗೆ ಮೂಲಿಕೆ ಸಿಗುತ್ತಿದೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಅದರ ಮೇಲೆ ಕೀಮೋ ನಡುವೆ ನಾನು ಬರೆದುಕೊಡುವುದಿಲ್ಲ. ಲೋಹ, ಪಾದರಸದಿಂದ ಮಾಡುವ ಭಸ್ಮ, ರಸೌಷಧಿ ಅಂತೂ ಈ ಕಾಲದಲ್ಲಿ ಬೇಡವೇ ಬೇಡ. ಹಳ್ಳಿ ಕಡೆ ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿಯಲ್ಲಿ ಏನಿದೆ ಎಂದು ಕೊಟ್ಟವರಿಗೇ ಗೊತ್ತಿರುವುದಿಲ್ಲ.

ಬಾಯಿಹುಣ್ಣಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ರೇಡಿಯೇಷನ್ ಶುರುವಾದ ಮೇಲೆ ಆ ಜಾಗಕ್ಕೆ ಅರಿಶಿನ ಲೇಪ, ಎಣ್ಣೆ ಬೇಡ. ಲೋಳೆಸರ ಚರ್ಮದ ಸುಡುವಿಕೆ ತಡೆಯುತ್ತದೆ ಎನ್ನುವುದೂ ಪರೀಕ್ಷೆಯಲ್ಲಿ ನಿಂತಿಲ್ಲ. ಡಾಕ್ಟರಿಗೆ ಹೆಸರು ಹೇಳುವುದಕ್ಕಿಂತ ಡಬ್ಬಿಗಳನ್ನೇ ಚೀಲದಲ್ಲಿ ಒಯ್ಯಲಿ, ಯಾವತ್ತಿನಿಂದ ಎಷ್ಟು ಚಮಚ ಎಂದು ಡಬ್ಬಿ ಮೇಲೆ ಬರೆದಿರಲಿ.

ಯೋಗಶಾಲೆ_ತುಮಕೂರು:

ಬಿಲಿರುಬಿನ್ ಕಾರಣ ಕೇಳಿ ಮನೆಯವರು ರಸ ನಿಲ್ಲಿಸಲು ಒಪ್ಪಿದರು. ಮುಂದಿನ 12 ಡೋಸಿನಲ್ಲಿ ಕೈಕಾಲು ಜೋಮು ಹಿಡಿಯುತ್ತದಂತೆ. "ನರಗಳಿಗೆ" ಅಂತ ಯಾರೋ ಅಸಿಟೈಲ್ ಕಾರ್ನಿಟೀನ್ ಮಾತ್ರೆ ಸೂಚಿಸಿದ್ದಾರೆ.

ಡೇಕೇರ್_ಸಿಸ್ಟರ್:

ಅದೊಂದು ಬೇಡ. 409 ಮಹಿಳೆಯರಿಗೆ ಈ ಬಗೆಯ ಕೀಮೋ ಜೊತೆ ಕೊಟ್ಟು ನೋಡಿದ 2013ರ ಪ್ರಯೋಗದಲ್ಲಿ, 24 ವಾರದ ಹೊತ್ತಿಗೆ ಮಾತ್ರೆ ತಿಂದವರ ಜೋಮೇ ಹೆಚ್ಚಾಗಿತ್ತು. ತಣ್ಣನೆ ಗ್ಲೌಸ್ ಬಗ್ಗೆ ವಾರ್ಡಿನಲ್ಲಿ ಕೇಳಿ. ಜಪಾನಿನ 2018ರ ಅಧ್ಯಯನದಲ್ಲಿ ಪ್ಯಾಕ್ಲಿಟ್ಯಾಕ್ಸೆಲ್‌ಗೆ 15 ನಿಮಿಷ ಮುಂಚಿನಿಂದ, ಮುಗಿದ ಮೇಲೆ 15 ನಿಮಿಷದವರೆಗೆ ಕೈಕಾಲಿಗೆ ಹಾಕಿಸಿ ಜೋಮು ಕಡಿಮೆ ಮಾಡಿದ್ದರು, ಒಟ್ಟು 90 ನಿಮಿಷ. 45 ನಿಮಿಷಕ್ಕೆ ಹೊಸ ಜೊತೆ ಬದಲಿಸಬೇಕು, ಇಲ್ಲದಿದ್ದರೆ ಬರೀ ಒದ್ದೆ ಗ್ಲೌಸ್ ಆಗಿರುತ್ತದೆ. ಒಳಗೆ ತೆಳು ಹತ್ತಿ ಗ್ಲೌಸ್ ಇರಲಿ, ಚರ್ಮ ಸುಡಬಾರದು. ಎಡಗೈಗೆ ಸೂಜಿ ಚುಚ್ಚುವುದಿಲ್ಲವಾದ್ದರಿಂದ ಕೀಮೋ ಸೂಜಿಯನ್ನು ಬಲಗೈಗೇ ಹಾಕುತ್ತಾರೆ. ಅಂಗೈ ಹಿಂಬದಿಯ ಬದಲು ಮುಂಗೈಗೆ ಹಾಕಲು ಹೇಳಿ, ಗ್ಲೌಸ್ ಕೂರಬೇಕಲ್ಲ. ಚಳಿಗೆ ಬೆರಳು ಬೆಳ್ಳಗಾಗುವ ಸ್ವಭಾವವಿದ್ದರೆ ಇದು ಬೇಡ.

ತರಗತಿಯಲ್ಲಿ ನೀವು ಗಮನಿಸಬೇಕಾದ್ದು: ರವಿಕೆ ಹುಕ್ಕು ಹಾಕಲು ತಡಕಾಡುವುದು, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದಿರುವುದು. ಕೇಳಿದರೆ ಎಷ್ಟೋ ಜನ "ಪರವಾಗಿಲ್ಲ" ಅಂದುಬಿಡುತ್ತಾರೆ, ಡೋಸ್ ನಿಲ್ಲಿಸಿಬಿಟ್ಟರೆ ಅನ್ನುವ ಭಯ. ಮುಂದಿನ ವಾರದ ಡೋಸಿಗೆ ಮುಂಚೆಯೇ ಹೇಳಿದರೆ ಪ್ರಮಾಣ ತಗ್ಗಿಸಿ ಮುಂದುವರಿಸುವ ದಾರಿ ಇದೆ. ತಡವಾಗಿ ಹೇಳಿದರೆ ನಿಲ್ಲಿಸುವುದೊಂದೇ ಉಳಿಯುತ್ತದೆ. ಅಲ್ಲಿಯವರೆಗೆ ವೃಕ್ಷಾಸನದಂಥವನ್ನು ಗೋಡೆ ಹಿಡಿದೇ ಮಾಡಿಸಿ.