ಆರು ಮಳೆಗಾಲ ನಿಂತ ಆಲ್ಫಾ ಮಾಂಟ್ರಿಯಲ್: ಸೆಲ್ಫ್ ಹೊಡೆಯುವ ಮೊದಲು ಏನೇನು ನೋಡಬೇಕು?

ಬಾಣೇರ್_ಬಾನೆಟ್ (ಪುಣೆ):
ಲೋಣಾವಳದ ಶೆಡ್ಡೊಂದರಲ್ಲಿ 1973ರ ಆಲ್ಫಾ ರೋಮಿಯೋ ಮಾಂಟ್ರಿಯಲ್ ಇದೆ. ಆರು ವರ್ಷದಿಂದ ಎಂಜಿನ್ ತಿರುಗಿಲ್ಲ. ಅರ್ಧ ಟ್ಯಾಂಕ್ ಹಳೇ ಪೆಟ್ರೋಲ್ ಹಾಗೇ ಇದೆ, ಮುಚ್ಚಳ ತೆಗೆದರೆ ವಾರ್ನಿಷ್ ವಾಸನೆ. ಹೊಸ ಬ್ಯಾಟರಿ, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಬಹುದಾ? ಎಂಜಿನ್‌ಗೆ ಪೆಟ್ರೋಲ್ ಅಳೆದು ಚಿಮ್ಮಿಸುವ ಇಂಜೆಕ್ಷನ್ ಪಂಪ್ ತಲೆನೋವು, ಅದನ್ನು ಕಿತ್ತು ವೆಬರ್ ಕಾರ್ಬುರೇಟರ್ ಕೂರಿಸೋಣ ಅಂತ ಮೆಕ್ಯಾನಿಕ್ ಸಲಹೆ. ಒಪ್ಪಬಹುದಾ? ಇನ್ನೊಂದು: ಇದು ರೇಸ್ ಕಾರಿನ ಎಂಜಿನ್ ಅಂತಾರೆ, ಎಷ್ಟು ನಿಜ?

ಘಾಟ್_ಗೇರ್ (ಮುಂಬೈ):
ದಯವಿಟ್ಟು ಸೆಲ್ಫ್ ಹೊಡೆಯಬೇಡಿ, ಒಂದೇ ಒಂದು ಸಲವೂ. ಈ ಕಾರಿನಲ್ಲಿ ಎಂಜಿನ್‌ಗಿಂತ ಮೊದಲು ಸಾಯುವುದು ಸ್ಪಿಕಾ ಕಂಪನಿಯ ಆ ಇಂಜೆಕ್ಷನ್ ಪಂಪ್. ಒಳಗೆ ಎಂಟು ಸಿಲಿಂಡರಿಗೆ ಪೆಟ್ರೋಲನ್ನು ತಳ್ಳುವ ಎಂಟು ಪುಟ್ಟ ಸರಳು, ಅಂದರೆ ಪ್ಲಂಜರ್‌ಗಳಿವೆ, ಡೀಸೆಲ್ ಪಂಪಿನ ಹಾಗೆ. ಪ್ಲಂಜರಿಗೂ ಅದು ಓಡಾಡುವ ಕೊಳವೆಗೂ ನಡುವೆ ಇರುವ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಹಳೇ ಪೆಟ್ರೋಲ್ ಅಲ್ಲಿ ಗೋಂದಾಗಿ ಕೂತಿರುತ್ತದೆ, ನೀರು ಸೇರಿದ್ದರೆ ತುಕ್ಕು ಬೇರೆ. ಅಂಥ ಸ್ಥಿತಿಯಲ್ಲಿ ಸ್ಟಾರ್ಟರ್ ಮೋಟರ್ ಜೋರಾಗಿ ತಿರುಗಿಸಿದರೆ ಪಂಪನ್ನು ಓಡಿಸುವ ಬೆಲ್ಟಿನ ಹಲ್ಲು ಹಾರುತ್ತದೆ, ಇಲ್ಲವೇ ಪಂಪಿನ ಒಳಗೇ ಮುರಿಯುತ್ತದೆ. ಆಮೇಲೆ ಪಂಪ್ ಬಿಚ್ಚಿ ಪರದೇಶಕ್ಕೆ ಕಳಿಸದೆ ಬೇರೆ ದಾರಿ ಇರುವುದಿಲ್ಲ.

ಕೆಲಸ ಟ್ಯಾಂಕಿನಿಂದ ಶುರುವಾಗಲಿ. ಬ್ಯಾಟರಿ ಬಿಚ್ಚಿ, ಪೆಟ್ರೋಲನ್ನೆಲ್ಲ ಡಬ್ಬಕ್ಕೆ ಇಳಿಸಿ, ಬೋರೋಸ್ಕೋಪ್ (ತೆಳು ವೈರಿನ ತುದಿಯ ಕ್ಯಾಮೆರಾ) ಬಿಟ್ಟು ತಳ ನೋಡಿ. ಕಂದು ಪದರ ಕಂಡರೆ ಟ್ಯಾಂಕ್ ಕೆಳಗಿಳಿಸಿಯೇ ತೊಳೆಯಬೇಕು. ಮೇಲಿಂದ ಕೆಮಿಕಲ್ ಸುರಿದು ಕುಲುಕಿದರೆ ಆ ಕಸ ಸೀದಾ ಫಿಲ್ಟರಿಗೆ ಬರುತ್ತದೆ. ರಬ್ಬರ್ ಹೋಸ್ ಒಂದನ್ನೂ ಉಳಿಸಬೇಡಿ. ಹೊಸತು ತರುವಾಗ ಅದರ ಮೇಲೆ ಜೆ30 ಆರ್9 ಅಂತ ಅಚ್ಚಾಗಿದೆಯಾ ನೋಡಿ. ಮಾಮೂಲಿ ಕಾರ್ಬುರೇಟರ್ ಹೋಸ್ ಎಥನಾಲಿಗೆ ಒಳಗಿನಿಂದ ಸಿಪ್ಪೆ ಏಳುತ್ತದೆ. ಟ್ಯಾಂಕಿನ ಹತ್ತಿರದ ಫಿಲ್ಟರ್, ಎಂಜಿನ್ ಬದಿಯ ಫಿಲ್ಟರ್ ಎರಡೂ ಬದಲಾಗಲಿ.

ಇಷ್ಟಾದ ಮೇಲೆ ಸ್ಪಿಕಾಗೆ ಹೋಗುವ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಬಿಟ್ಟು ಎಲೆಕ್ಟ್ರಿಕ್ ಪಂಪ್ ಮಾತ್ರ ಓಡಿಸಿ. ಎರಡು ಮೂರು ಲೀಟರ್ ಬರಲಿ. ಬಾಟಲಿಯನ್ನು ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದು ತಳ ನೋಡಿ. ಒಂದು ಕಣ ಇಳಿದಿದ್ದರೂ ಮತ್ತೆ ತೊಳೆಯಿರಿ. ಇಲ್ಲಿ ಅವಸರ ಮಾಡಿದವರೇ ಪಂಪ್ ಕಳಕೊಳ್ಳುವುದು.

ಪಂಪ್ ತಿರುಗುತ್ತದಾ ಅಂತ ನೋಡಲು ಬೆಲ್ಟ್ ಬಿಚ್ಚಬೇಕು. ಬಿಚ್ಚುವ ಮೊದಲು ಎರಡೂ ಪುಲ್ಲಿಗೆ ಬಿಳಿ ಪೇಂಟಿನಿಂದ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಪಂಪ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಒಂದು ಹಲ್ಲು ತಪ್ಪಿದರೂ ಇಂಜೆಕ್ಷನ್ ಟೈಮಿಂಗ್ ಕೆಟ್ಟಿತು. ಪುಲ್ಲಿಯನ್ನು ಕೈಯಿಂದ ತಿರುಗಿಸಿದರೆ ಸಮನಾದ ಬಿಗಿ ಸಿಗಬೇಕು. ಎಲ್ಲಾದರೂ ಗಕ್ಕನೆ ನಿಂತರೆ ಬಲ ಹಾಕದೆ ಪಂಪನ್ನು ತಜ್ಞರಿಗೆ ಕೊಡಿ.

ಅರೇಸೆ_105 (ಗೋವಾ):
ರೇಸ್ ಎಂಜಿನ್ ಅನ್ನುವುದು ಅರ್ಧ ನಿಜ. ಮೂಲ ಆಲ್ಫಾದ ರೇಸ್ ಕಾರು ತೀಪೊ 33. ಅದರ ರಸ್ತೆ ರೂಪ 33 ಸ್ಟ್ರಾಡಾಲೆಯಲ್ಲಿ ಇದ್ದದ್ದು 1,995 ಸಿಸಿಯ ವಿ8, ಬೋರ್ (ಸಿಲಿಂಡರಿನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ಉದ್ದ) 52.2 ಮಿ.ಮೀ. ಮಾಂಟ್ರಿಯಲ್‌ಗೆ ಬರುವಾಗ ಅದು 80 ಮತ್ತು 64.5 ಮಿ.ಮೀ. ಆಗಿ 2,593 ಸಿಸಿ ಆಯಿತು. ದೊಡ್ಡ ಬದಲಾವಣೆ ಕ್ರ್ಯಾಂಕಿನದು. ರೇಸ್ ಎಂಜಿನ್ನಿನ ಫ್ಲ್ಯಾಟ್ ಪ್ಲೇನ್ (ಮಡಿಕೆಗಳೆಲ್ಲ ಒಂದೇ ಸಮತಲದಲ್ಲಿರುವ) ಕ್ರ್ಯಾಂಕ್ ಬಿಟ್ಟು, ಮಡಿಕೆಗಳು ಶಿಲುಬೆಯಂತೆ ನಾಲ್ಕು ದಿಕ್ಕಿಗಿರುವ ಕ್ರಾಸ್ ಪ್ಲೇನ್ ಹಾಕಿದರು. ನಡುಕ ಕಡಿಮೆಯಾಯಿತು, ಕೆಳ ವೇಗದಲ್ಲಿ ಎಳೆತ ಬಂತು, ತೂಕ ಹೆಚ್ಚಿತು. ನಾಲ್ಕು ಕ್ಯಾಮ್‌ಶಾಫ್ಟ್, ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿ ಇಡುವ ಡ್ರೈ ಸಂಪ್ ಮಾತ್ರ ರೇಸಿನಿಂದ ಬಂದ ಆಸ್ತಿ. ಪವರ್ 6,500 ಆರ್‌ಪಿಎಂನಲ್ಲಿ 200 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ ಸುಮಾರು 220 ಕಿ.ಮೀ., ಸೊನ್ನೆಯಿಂದ ನೂರಕ್ಕೆ ಏಳೂವರೆ ಸೆಕೆಂಡಿನ ಆಸುಪಾಸು.

ಆದರೆ ಈ ಎಂಜಿನ್ ಕೂತಿರುವುದು ಆಲ್ಫಾದ್ದೇ ಗಿಯುಲಿಯಾ ಜಿಟಿ ಕಾರಿನ ನೆಲಗಟ್ಟಿನ ಮೇಲೆ, ಹಿಂದೆ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚಿನ ಲೈವ್ ಆಕ್ಸಲ್. ಹಾಗಾಗಿ ತಿರುವಿನಲ್ಲಿ ಮೈ ವಾಲುತ್ತದೆ, ಮೂಗು ಭಾರ. ಖಂಡಾಳಾ ಘಾಟಿಗಿಂತ ಎಕ್ಸ್‌ಪ್ರೆಸ್‌ವೇಯ ನೇರ ದಾರಿಗೇ ಹೇಳಿ ಮಾಡಿಸಿದ ಗಾಡಿ. ಝಡ್ಎಫ್ ಗೇರ್‌ಬಾಕ್ಸಿನಲ್ಲಿ ಒಂದನೇ ಗೇರ್ ಎಡಕ್ಕೆ ಕೆಳಗಿದೆ, ಹೊಸಬರು ಸಿಗ್ನಲ್ಲಿನಲ್ಲಿ ಎರಡಕ್ಕೆ ಹಾಕಿ ಕ್ಲಚ್ ಸುಡುತ್ತಾರೆ.

ಇನ್ನು ಹೆಸರಿನ ಕಥೆ. 1967ರಲ್ಲಿ ಕೆನಡಾದ ಮಾಂಟ್ರಿಯಲ್ ಊರಿನಲ್ಲಿ ನಡೆದ ಎಕ್ಸ್‌ಪೋ ಪ್ರದರ್ಶನದಲ್ಲಿ ಎರಡು ಬಿಳಿ ಕಾರುಗಳನ್ನು ಹೆಸರಿಡದೆಯೇ ತೋರಿಸಿದ್ದರು, ವಿನ್ಯಾಸ ಬೆರ್ತೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿಯದು. ಒಳಗೆ ಇದ್ದದ್ದು ಗಿಯುಲಿಯಾದ 1.6 ಲೀಟರ್ ಎಂಜಿನ್. ಜನ ಕರೆದ ಹೆಸರೇ ಉಳಿಯಿತು. ವಿ8 ಹೊತ್ತ ಮಾರಾಟದ ಕಾರು 1970ರಲ್ಲಿ ಜಿನೀವಾದಲ್ಲಿ ಬಂತು, 1977ರವರೆಗೆ ಒಟ್ಟು ಸುಮಾರು 3,900 ತಯಾರಾದವು. ಉತ್ತರ ಅಮೆರಿಕದ ಹೊಗೆ ನಿಯಮಕ್ಕೆ ಹೊಂದಿಸದ ಕಾರಣ ಮಾಂಟ್ರಿಯಲ್ ಊರಿನಲ್ಲೇ ಇದು ಮಾರಾಟವಾಗಲಿಲ್ಲ. 1973ರ ತೈಲ ಬಿಕ್ಕಟ್ಟು ಇಂಥ ಗಾಡಿಗಳ ಸೊಂಟವನ್ನೇ ಮುರಿಯಿತು.

ಕಾರ್ಬುರೇಟರ್ ಬೇಡವೇ ಬೇಡ. ಓಡುತ್ತದೆ, ಸುಳ್ಳಲ್ಲ. ಆದರೆ ಇಂಟೇಕ್, ಲಿಂಕೇಜ್, ಏರ್ ಬಾಕ್ಸ್ ಎಲ್ಲ ಹೋಗುತ್ತವೆ, ಕಿತ್ತಿಟ್ಟ ಪಂಪ್ ಮೂಲೆಯಲ್ಲೇ ಜಂಗು ಹಿಡಿಯುತ್ತದೆ. 2021ರ ವಿಂಟೇಜ್ ವಾಹನ ನಿಯಮವೂ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿರಬೇಕು ಅನ್ನುತ್ತದೆ.

ಬಾಣೇರ್_ಬಾನೆಟ್ (ಪುಣೆ):
ಸ್ಪಿಕಾ ಉಳಿಸಿಕೊಳ್ಳುತ್ತೇನೆ. ಈಗ ಬಂಕಿನಲ್ಲಿ ಸಿಗುವುದೆಲ್ಲ ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದನ್ನೇ ಹಾಕಬಹುದಾ? ಬಂಕಿನವರು ಎಥನಾಲ್ ಇಲ್ಲ ಅಂದರೆ ನಂಬುವುದು ಹೇಗೆ?

ಘಾಟ್_ಗೇರ್ (ಮುಂಬೈ):
ನಂಬಬೇಕಿಲ್ಲ, ಅಳೆಯಿರಿ. 100 ಮಿ.ಲೀ. ಅಳತೆ ಕೊಳವೆಗೆ ಮೊದಲು 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್. ಬಾಯಿ ಮುಚ್ಚಿ ಅರ್ಧ ನಿಮಿಷ ಕುಲುಕಿ, ಆಗಾಗ ಮುಚ್ಚಳ ಸಡಿಲಿಸಿ ಆವಿ ಬಿಡಿ, ಹತ್ತು ನಿಮಿಷ ನಿಲ್ಲಿಸಿ. ಎಥನಾಲ್ ನೀರಿಗೆ ಇಳಿದು ತಳದ ಪದರ ಬೆಳೆಯುತ್ತದೆ. ಗೆರೆ 10ರಲ್ಲೇ ನಿಂತರೆ ಶುದ್ಧ ಪೆಟ್ರೋಲ್. ಇ20 ಆದರೆ 25 ದಾಟುತ್ತದೆ. ಬಯಲಲ್ಲಿ, ಬೆಂಕಿಯಿಂದ ದೂರ ಮಾಡಿ.

ದಿನಾ ಓಡುವ ಗಾಡಿಗೆ ಇ20 ಅಷ್ಟೊಂದು ಕೆಡುಕಲ್ಲ. ನಿಂತಿರುವ ಗಾಡಿಗೆ ಅದು ವಿಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೋಣಾವಳದ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, ಮಿತಿ ಮೀರಿದಾಗ ನೀರೂ ಎಥನಾಲೂ ಸೇರಿ ತಳಕ್ಕಿಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಕಂಪ್ರೆಷನ್ 9ಕ್ಕೆ 1, ಆದ್ದರಿಂದ 100 ಆಕ್ಟೇನ್ ಇದಕ್ಕೆ ಬೇಕಿಲ್ಲ. ಆ ದುಬಾರಿ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲ ಅಂತ ಕೊಳವೆ ಹೇಳಿದರೆ ಮಾತ್ರ ದುಡ್ಡು ಕೊಡಿ. ಮಳೆಗಾಲಕ್ಕೆ ನಿಲ್ಲಿಸುವ ಮುಂಚೆ ಅದನ್ನೇ ತುಂಬಿಸಿ, ಟ್ಯಾಂಕಿನಲ್ಲಿ ಗಾಳಿಗೆ ಜಾಗ ಉಳಿಯಬಾರದು. 20 ಲೀಟರಿಗೆ 100 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಿದರೆ ಪ್ಲಂಜರ್‌ಗಳಿಗೆ ಜಿಡ್ಡು ಸಿಗುತ್ತದೆ.

ಅರೇಸೆ_105 (ಗೋವಾ):
ಸ್ಟಾರ್ಟ್ ಮಾಡುವ ದಿನಕ್ಕೆ ನನ್ನ ಕಡೆಯಿಂದ ಇಷ್ಟು. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ 5 ಮಿ.ಲೀ. ಎಣ್ಣೆ ಹಾಕಿ ಒಂದು ದಿನ ಬಿಡಿ. ಮೊದಲು ಸ್ಪ್ಯಾನರಿನಿಂದ ಎಂಜಿನ್ ಎರಡು ಪೂರ್ತಿ ಸುತ್ತು ತಿರುಗಿಸಿ, ಆಮೇಲೆ ಪ್ಲಗ್ ಇಲ್ಲದೆಯೇ ಸ್ಟಾರ್ಟರ್, ಹತ್ತತ್ತು ಸೆಕೆಂಡು, ಆಯಿಲ್ ಪ್ರೆಷರ್ ಮುಳ್ಳು ಏಳುವ ತನಕ. ಪ್ಲಗ್ ಹಾಕಿ ಸ್ಟಾರ್ಟ್ ಆದ ಮೇಲೆ ಫ್ಯೂಯಲ್ ಪ್ರೆಷರ್ ದೀಪ ಮಿನುಗಿದರೆ ತಕ್ಷಣ ಆಫ್ ಮಾಡಿ, ಫಿಲ್ಟರ್ ಕಟ್ಟಿರಬಹುದು. ಬಿಸಿಯಾದ ಮೇಲೂ ಕಪ್ಪು ಹೊಗೆ ನಿಲ್ಲದಿದ್ದರೆ ಲಿಂಕೇಜ್ ತಿರುಪಿಗೆ ಕೈ ಹಾಕಬೇಡಿ. ಕೂಲೆಂಟ್ ಬಿಸಿಗೆ ಉದ್ದವಾಗಿ ಮಿಶ್ರಣ ತೆಳು ಮಾಡುವ ಥರ್ಮೋಸ್ಟ್ಯಾಟಿಕ್ ಆಕ್ಚುವೇಟರ್ ಸತ್ತಿರುತ್ತದೆ, ಪಂಪ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿರುತ್ತದೆ.

ಹೆಡ್‌ಲೈಟ್ ಮೇಲಿನ ರೆಪ್ಪೆ ಇಳಿಯದಿದ್ದರೆ ಮೋಟರ್ ಹುಡುಕಬೇಡಿ, ಅದು ವ್ಯಾಕ್ಯೂಮಿನಲ್ಲಿ ನಡೆಯುವುದು. ಬಿರುಕು ಬಿಟ್ಟ ಹೋಸ್ ಬದಲಿಸಿ.

ಆಯಿಲ್ ಲೆವೆಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಡ್ರೈ ಸಂಪ್ ಆದ್ದರಿಂದ ನಿಂತಾಗ ಎಣ್ಣೆ ಟ್ಯಾಂಕಿನಿಂದ ಎಂಜಿನ್ ತಳಕ್ಕೆ ಇಳಿದಿರುತ್ತದೆ. ಡಿಪ್‌ಸ್ಟಿಕ್ ಒಣಗಿದೆ ಅಂತ ಡಬ್ಬ ಸುರಿದರೆ, ಎಂಜಿನ್ ಓಡಿ ಎಣ್ಣೆ ವಾಪಸ್ ಬಂದಾಗ ಗಾಳಿ ಬಿಡುವ ಬ್ರೀದರ್ ಕೊಳವೆಯಿಂದ ಉಕ್ಕಿ ಎಂಜಿನ್ ಬೇ ಎಲ್ಲ ಎಣ್ಣೆಮಯ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆಯೇ ಲೆವೆಲ್ ನೋಡಿ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೇ ನಿಲ್ಲಿಸಿ ಇಲ್ಲಿ ಬರೆಯಿರಿ.