ಕನ್ನಡ ಡಿವಿಷನ್‌ನಿಂದ ಶಾಲೆಯ ರಿಸಲ್ಟ್ ಕೆಳಗೆ ಬರುತ್ತದೆ ಎನ್ನುವುದು ಸರಿಯಾ? (ಕಾಸರಗೋಡು)

ನೆಲ್ಲಿಕುಂಜೆ ಅಮ್ಮ:

ನಮಸ್ಕಾರ. ನನ್ನದು ಕಾಸರಗೋಡು ಪೇಟೆಯಲ್ಲಿ ಸಣ್ಣ ಹೊಲಿಗೆ ಅಂಗಡಿ. ಮಗ ಇಲ್ಲೇ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಈ ವರ್ಷ ನನ್ನನ್ನು ಪಿಟಿಎ (ತಂದೆತಾಯಿ ಮತ್ತು ಟೀಚರುಗಳ ಸಂಘ) ಕಮಿಟಿಗೆ ಹಾಕಿದ್ದಾರೆ. ಶಾಲೆಯ ಹೆಸರು ಹೇಳುವುದಿಲ್ಲ, ಅದು ಬೇಡ.

ಕಳೆದ ಶನಿವಾರ ಮೀಟಿಂಗ್ ಇತ್ತು. ಗೇಟಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ, ಎಸ್ಸೆಸ್ಸೆಲ್ಸಿ ನೂರಕ್ಕೆ ನೂರು ಅಂತ. ಒಳಗೆ ಕೂತಾಗ ಕಮಿಟಿಯ ಒಬ್ಬರು ಲಿಸ್ಟ್ ಓದಿದರು. ಫುಲ್ ಎ ಪ್ಲಸ್, ಅಂದರೆ ಎಲ್ಲ ವಿಷಯದಲ್ಲೂ ಎ ಪ್ಲಸ್ ಬಂದವರು, ಇಂಗ್ಲಿಷ್ ಡಿವಿಷನ್‌ನಲ್ಲಿ 15, ಮಲಯಾಳದಲ್ಲಿ 6, ಕನ್ನಡದಲ್ಲಿ 1. ಓದಿ ಮುಗಿಸಿ, "ಕನ್ನಡ ಡಿವಿಷನ್ ಶಾಲೆಯನ್ನು ಹಿಂದಕ್ಕೆ ಎಳೆಯುತ್ತಿದೆ, ಇನ್ನು ಬರುವ ಮಕ್ಕಳನ್ನೆಲ್ಲ ಇಂಗ್ಲಿಷಿಗೇ ಸೇರಿಸುವ" ಎಂದರು. ಅರ್ಧ ಜನ ತಲೆ ಆಡಿಸಿದರು. ನನಗೆ ಅದು ಸರಿ ಅನ್ನಿಸಲಿಲ್ಲ. ಆದರೆ ಎಂತ ಹೇಳುವುದು ಅಂತ ಗೊತ್ತಾಗಲಿಲ್ಲ. ಸುಮ್ನೆ ಕೂತೆ. ಆ ಬೇಜಾರು ಇನ್ನೂ ಹೋಗಿಲ್ಲ.

ಯೂನಿಫಾರ್ಮ್ ಹೊಲಿಯುವವರಿಗೆ ಮಕ್ಕಳ ಮನೆ ಹೇಗಿದೆ ಎಂದು ಗೊತ್ತಾಗುತ್ತದೆ. ಮೇ ತಿಂಗಳಲ್ಲೇ ಬಂದು ಮೂರು ಜೊತೆ ಹೊಲಿಯಲು ಕೊಡುವವರು ಇದ್ದಾರೆ. ಜೂನ್ ಎರಡನೇ ವಾರ ಅಣ್ಣನ ಪ್ಯಾಂಟು ತಂದು "ಅಕ್ಕಾ, ಮಡಿಕೆ ಬಿಚ್ಚಿ ಉದ್ದ ಮಾಡಿ ಕೊಡಿ" ಎನ್ನುವವರೂ ಇದ್ದಾರೆ. ನನ್ನ ಮಗನ ಕ್ಲಾಸಿನಲ್ಲಿ ಎರಡನೇ ತರದವರೇ ಜಾಸ್ತಿ.

ಅವನ ಕ್ಲಾಸಿನಲ್ಲಿ 21 ಮಕ್ಕಳು. ಮೊನ್ನೆ ರಾತ್ರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರ ಮನೆಯಲ್ಲಿ ಯಾವ ಭಾಷೆ ಅಂತ ಬರೆದೆ. ತುಳು 9. ಕನ್ನಡ 5, ಅದರಲ್ಲಿ ಇಬ್ಬರು ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮಲಯಾಳ 3, ಕೊಂಕಣಿ 2, ಮರಾಠಿ 2. ಅಂದರೆ ಕನ್ನಡ ಕ್ಲಾಸಿನಲ್ಲಿ ಮನೆಯಲ್ಲೂ ಕನ್ನಡ ಆಡುವವರು ಕಾಲು ಭಾಗಕ್ಕಿಂತಲೂ ಕಮ್ಮಿ! ಟ್ಯೂಷನ್‌ಗೆ ಹೋಗುವವರು ಮೂರೇ ಮಂದಿ. ಇಂಗ್ಲಿಷ್ ಡಿವಿಷನ್‌ನಲ್ಲಿ ಟ್ಯೂಷನ್ ಇಲ್ಲದವರನ್ನು ಹುಡುಕಬೇಕು.

ನನ್ನ ಪ್ರಶ್ನೆ ಇಷ್ಟೇ. ಈ ಎರಡು ಕ್ಲಾಸುಗಳ ರಿಸಲ್ಟನ್ನು ಪಕ್ಕಪಕ್ಕ ಇಟ್ಟು ಇದು ಭಾಷೆಯಿಂದ ಆದದ್ದು ಎಂದು ಹೇಳಬಹುದಾ? ಹೇಳಬಾರದು ಅಂತಾದರೆ, ಬರುವ ಮೀಟಿಂಗಿನಲ್ಲಿ ನಾನು ಯಾವ ಲೆಕ್ಕ ಇಡಬೇಕು? ನಾನು ಓದಿದ್ದು ಹತ್ತನೇವರೆಗೆ. ಲೆಕ್ಕ ಬರುತ್ತದೆ, ದೊಡ್ಡ ಮಾತು ಬರುವುದಿಲ್ಲ. ತಿಳಿದವರು ಹೇಳಿ.

ಕುಂಬಳೆ ಮಾಷ್ಟ್ರು:

ಅಮ್ಮಾ, ನಾನು ಗಣಿತ ಕಲಿಸಿ ರಿಟೈರ್ ಆದವ. ನಿಮ್ಮ ಲೆಕ್ಕ ಶುರುವಾದದ್ದೇ ಸರಿಯಾದ ಕಡೆಯಿಂದ.

ಮೊದಲು ಆ ನೂರಕ್ಕೆ ನೂರನ್ನು ಬಿಟ್ಟುಬಿಡಿ. ಕೇರಳದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು 2023ರಲ್ಲಿ ಶೇಕಡಾ 99.70, 2024ರಲ್ಲಿ 99.69. ಇಡೀ ರಾಜ್ಯವೇ ಹಾಗಿರುವಾಗ ಒಂದು ಶಾಲೆಯ ನೂರು ನಮಗೆ ಏನನ್ನೂ ತಿಳಿಸುವುದಿಲ್ಲ. ಅದು ಹೇಗೆ ಅಷ್ಟು ಮೇಲೆ ಬರುತ್ತದೆ ಎಂದು ತುಂಬಾ ತಂದೆತಾಯಿಗಳಿಗೆ ಗೊತ್ತಿಲ್ಲ. ಫಿಸಿಕ್ಸ್‌ಗೆ ಬರವಣಿಗೆ ಪರೀಕ್ಷೆ 40, ಶಾಲೆಯಲ್ಲಿ ಕೊಡುವ ಸಿಇ (ನಿರಂತರ ಮೌಲ್ಯಮಾಪನ) ಮಾರ್ಕು 10, ಒಟ್ಟು 50. ಅದರಲ್ಲಿ 15 ಬಂದರೆ ಡಿ ಪ್ಲಸ್, ಪಾಸು. ಸಿಇ ಹತ್ತಕ್ಕೆ ಹತ್ತು ಸಿಕ್ಕಿದ ಹುಡುಗನಿಗೆ ಪರೀಕ್ಷೆಯಲ್ಲಿ 5 ಸಾಕು! ಗಣಿತದಲ್ಲಿ ಸಿಇ 20ಕ್ಕೆ 20 ಸಿಕ್ಕಿದರೆ ಪರೀಕ್ಷೆಯಲ್ಲಿ 80ಕ್ಕೆ 10 ಸಾಕು. ನಾನೂ ಸಿಇ ಧಾರಾಳವಾಗಿ ಕೊಟ್ಟವನೇ. ಮಗು ಪ್ಲಸ್ ಒನ್‌ಗಾದರೂ (ಹನ್ನೊಂದನೇ ಕ್ಲಾಸು) ಹೋಗಲಿ ಎಂಬ ಆಸೆ. ಆದರೆ ಅಲ್ಲಿ ಹೋಗಿ ಅವರು ಪಡುವ ಕಷ್ಟವನ್ನೂ ನೋಡಿದ್ದೇನೆ.

ಈಗ ಇದು ಬದಲಾಗುತ್ತಿದೆ. ಬರವಣಿಗೆ ಪರೀಕ್ಷೆಯಲ್ಲೇ ಶೇಕಡಾ 30 ಬೇಕು ಎಂಬ ನಿಯಮ 2024–25ರಲ್ಲಿ ಎಂಟನೇ ಕ್ಲಾಸಿಗೆ ಬಂತು. ಆಮೇಲೆ ಒಂಬತ್ತಕ್ಕೆ, 2026–27ರಲ್ಲಿ ಹತ್ತಕ್ಕೆ ಎಂದು ತೀರ್ಮಾನ. ಆಗ 40ಕ್ಕೆ 12 ಬೇಕು, 80ಕ್ಕೆ 24. ಎಂಟರಲ್ಲಿ ಕಮ್ಮಿಯಾದ ಮಕ್ಕಳಿಗೆ ಬೇರೆ ಕ್ಲಾಸು ಮಾಡಿ ಮತ್ತೊಮ್ಮೆ ಪರೀಕ್ಷೆ ಕೊಡಬೇಕು. ಹಾಗಾಗಿ ಎಚ್ಚೆಂ (ಹೆಡ್‌ಮಾಸ್ಟರ್) ಹತ್ತಿರ ಎ ಪ್ಲಸ್ ಲಿಸ್ಟ್ ಕೇಳಬೇಡಿ. ಗಣಿತ, ಫಿಸಿಕ್ಸ್, ಇಂಗ್ಲಿಷಿನಲ್ಲಿ ಸಿ ಮತ್ತು ಡಿ ಪ್ಲಸ್ ಎಷ್ಟು ಮಂದಿಗೆ ಎಂದು ಡಿವಿಷನ್ ಪ್ರಕಾರ ಕೇಳಿ. ಫ್ಲೆಕ್ಸಿನಲ್ಲಿ ಕಾಣದ ಮಕ್ಕಳು ಅಲ್ಲಿ ಇರುತ್ತಾರೆ.

ಇನ್ನು ಭಾಷೆಯ ಮಾತು. ನಿಮ್ಮ 9 ತುಳು ಮಕ್ಕಳು ಕನ್ನಡ ಕ್ಲಾಸಿಗೆ ಬಂದದ್ದು ಆಕಸ್ಮಿಕ ಅಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಏನೇ ಇರಲಿ, ಶಾಲೆಯ ಭಾಷೆ ಕನ್ನಡವಾಗಿತ್ತು. ಅಜ್ಜ ಕಲಿತ ಶಾಲೆಗೆ ಮೊಮ್ಮಕ್ಕಳು ಹೋದರು. ಆಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು ಬಂದವರು ಇಂಗ್ಲಿಷಿಗೆ ಹೋದರು. ಉಳಿದವರು ಯಾರು ಎಂದು ನಿಮಗೆ ಮಡಿಕೆ ಬಿಚ್ಚುವಾಗಲೇ ಗೊತ್ತಾಗಿದೆ. ಕೊರಗರ ಕಾಲೊನಿಯ ಮಕ್ಕಳು ಹೈಸ್ಕೂಲಿಗೆ ಬಂದರೆ ಅವರು ಕೂರುವುದೂ ಹೆಚ್ಚಾಗಿ ಇದೇ ಬೆಂಚಿನಲ್ಲಿ.

ಹಾಗಾಗಿ ಆ ಇಬ್ಬರೂ ಡಿವಿಷನ್‌ನವರನ್ನು ಹೋಲಿಸಿದಾಗ ನೀವು ಹೋಲಿಸುವುದು ಮನೆಗಳನ್ನು. ಭಾಷೆಯನ್ನು ಹೋಲಿಸಬೇಕಾದರೆ ಒಂದೇ ತರದ ಮನೆಯ ಮಕ್ಕಳನ್ನು ಎರಡೂ ಕಡೆಯಿಂದ ತೆಗೆದುಕೊಳ್ಳಬೇಕು. ನಮ್ಮಲ್ಲಿ ಅದಕ್ಕೆ ಸುಲಭದ ಗುರುತು ಉಂಟು, ರೇಷನ್ ಕಾರ್ಡಿನ ಬಣ್ಣ. ಹಳದಿ ಮತ್ತು ಗುಲಾಬಿ ಕಾರ್ಡಿನ, ಅಂದರೆ ಬಡ ಮನೆಯ ಮಕ್ಕಳು ಇಂಗ್ಲಿಷ್ ಡಿವಿಷನ್‌ನಲ್ಲಿ ಹೇಗೆ ಮಾಡಿದ್ದಾರೆ, ಕನ್ನಡದಲ್ಲಿ ಹೇಗೆ ಮಾಡಿದ್ದಾರೆ? ನೀಲಿ, ಬಿಳಿ ಕಾರ್ಡಿನವರು ಹೇಗೆ? ಲೆಕ್ಕವನ್ನು ಕ್ಲಾಸ್ ಟೀಚರೇ ಮಾಡಲಿ. ಮೀಟಿಂಗಿಗೆ ಸಂಖ್ಯೆ ಮಾತ್ರ ಬರಬೇಕು. ಮಕ್ಕಳ ಹೆಸರು ಯಾವ ಕಾರಣಕ್ಕೂ ಬೇಡ.

ಮತ್ತೊಂದು. ನಿಮ್ಮದು 21 ಮಕ್ಕಳ ಕ್ಲಾಸು. ಒಬ್ಬ ಹುಡುಗನಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಶೇಕಡಾ 5ರಷ್ಟು ಬಿದ್ದಂತೆ. ಒಂದು ವರ್ಷ ನೋಡಿ ಏನೂ ತೀರ್ಮಾನ ಮಾಡಬಾರದು. ಐದು ವರ್ಷದ್ದು ಒಟ್ಟಿಗೆ ಇಟ್ಟು ನೋಡಿ.

ಉಪ್ಪಳದವ:

ಅಕ್ಕಾ, ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ನಾನು ಮಗಳನ್ನು ಐದನೇ ಕ್ಲಾಸಿಗೆ ಕನ್ನಡದಿಂದ ಇಂಗ್ಲಿಷಿಗೆ ಹಾಕಿದೆ. ಕನ್ನಡದ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಅವಳ ಕ್ಲಾಸಿಗೆ ಆ ವರ್ಷ ಪುಸ್ತಕ ತಡವಾಗಿ ಬಂತು. ಬಂದ ಟೀಚರಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಅವರು ಒಳ್ಳೆಯವರೇ, ಮಕ್ಕಳಿಂದಲೇ ಕನ್ನಡ ಕಲಿಯಲು ನೋಡುತ್ತಿದ್ದರು. ಆದರೆ ನನ್ನ ಮಗುವಿನ ಒಂದು ವರ್ಷ ಹೋಯಿತಲ್ವಾ? ಸಂಬಳದವ ನಾನು, ಕಾಯಲು ಧೈರ್ಯ ಬರಲಿಲ್ಲ. ನಿಮ್ಮ ಲೆಕ್ಕದಲ್ಲಿ ಅದನ್ನೂ ಬರೆಯಿರಿ. ಯಾವ ಡಿವಿಷನ್‌ನಲ್ಲಿ ಯಾವ ಟೀಚರ್ ಎಷ್ಟು ತಿಂಗಳು ಇರಲಿಲ್ಲ ಎಂದು. ಮನೆಯದ್ದು ಮಾತ್ರ ಬರೆದರೆ ತಪ್ಪೆಲ್ಲ ಬಡವರ ಮೇಲೆ ಬರುತ್ತದೆ.

ಕುಂಬಳೆ ಮಾಷ್ಟ್ರು:

ಉಪ್ಪಳದವರ ಮಾತು ಪೂರ್ತಿ ಸರಿ. ನಾನು ಅದನ್ನು ಮೊದಲೇ ಹೇಳಬೇಕಿತ್ತು.

ಬದಿಯಡ್ಕದ ಹುಡುಗ:

ನಾನು ಹತ್ತರವರೆಗೆ ಕನ್ನಡ ಮೀಡಿಯಂ. ಈಗ ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಶಿಯನ್. ಪ್ಲಸ್ ಒನ್ ಸಯನ್ಸ್‌ಗೆ ಸೇರಿದಾಗ ಮೊದಲ ಎರಡು ತಿಂಗಳು ದಿನಾ ಅಳು ಬರುತ್ತಿತ್ತು. ಸರ್ 'ಮೊಮೆಂಟಮ್' ಎಂದಾಗ ನಾನು ಹೊಸ ಪಾಠ ಅಂದುಕೊಂಡೆ. ಅದು ನಮ್ಮ ಸಂವೇಗ! ಆ್ಯಕ್ಸಿಲರೇಶನ್ ಎಂದರೆ ವೇಗೋತ್ಕರ್ಷ, ಫೋಟೋಸಿಂಥೆಸಿಸ್ ಎಂದರೆ ದ್ಯುತಿ ಸಂಶ್ಲೇಷಣೆ. ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೇ. ಅದನ್ನು ಯಾರೂ ಹೇಳದ ಕಾರಣ ನಾನು ದಡ್ಡ ಅಂತಲೇ ನಂಬಿದ್ದೆ. ಜೊತೆಗೆ ಬಂದ ಇಬ್ಬರು ಸಯನ್ಸ್ ಬಿಟ್ಟರು.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಬರೆಯುತ್ತಾ ಹೋದೆ. ಓಣಂ ಪರೀಕ್ಷೆಯಲ್ಲಿ ಫೇಲ್, ಕ್ರಿಸ್ಮಸ್ ಪರೀಕ್ಷೆಯಲ್ಲಿ ಪಾಸು. ಎಂಟನೇ ಕ್ಲಾಸಿನಿಂದಲೇ ಟೀಚರುಗಳು ಬೋರ್ಡಿನಲ್ಲಿ ಎರಡೂ ಪದ ಬರೆದರೆ ಸಾಕು ಅಕ್ಕಾ. ಅದಕ್ಕೆ ಯಾವ ಆರ್ಡರೂ ಬೇಡ, ದುಡ್ಡೂ ಬೇಡ. ಕನ್ನಡದಲ್ಲಿ ಕಲಿತದ್ದಕ್ಕೆ ನನಗೆ ನಷ್ಟ ಆಗಿಲ್ಲ. ಮಧ್ಯದಲ್ಲಿ ಒಂದು ಸಂಕ (ಸಣ್ಣ ಸೇತುವೆ) ಇರಲಿಲ್ಲ, ಹಾರಬೇಕಾಯಿತು.

ನೆಲ್ಲಿಕುಂಜೆ ಅಮ್ಮ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಉಪ್ಪಳದ ಅಣ್ಣ, ನನಗೆ ಬೇಸರ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ. ನಮ್ಮ ಕ್ಲಾಸಿನಲ್ಲೂ ಕಳೆದ ವರ್ಷ ಗಣಿತಕ್ಕೆ ಎರಡು ತಿಂಗಳು ಟೀಚರ್ ಇರಲಿಲ್ಲ. ಅದನ್ನು ಬರೆದುಕೊಂಡೆ.

ನಿನ್ನೆ ಕ್ಲಾಸ್ ಟೀಚರನ್ನು ಕಂಡೆ. ರೇಷನ್ ಕಾರ್ಡಿನ ಮಾತು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ರಿಜಿಸ್ಟರ್ ತೆಗೆದು ತಾವೇ ಎಣಿಸಿದರು. 21ರಲ್ಲಿ 16 ಹಳದಿ ಮತ್ತು ಗುಲಾಬಿ. ಇಂಗ್ಲಿಷ್ ಡಿವಿಷನ್‌ನದ್ದನ್ನು ಅಲ್ಲಿಯ ಟೀಚರ್ ಎಣಿಸಿ ಕೊಡುತ್ತಾರೆ.

ಮಾತಿನ ಮಧ್ಯೆ ಅವರು ಇನ್ನೊಂದು ವಿಷಯ ಹೇಳಿದರು. ಮಧ್ಯಾಹ್ನದ ಊಟ ಎಂಟನೇ ಕ್ಲಾಸಿನವರೆಗೆ ಮಾತ್ರ. ಎಂಟರಲ್ಲಿ ದಿನಾ ಹೊಟ್ಟೆ ತುಂಬಾ ಉಂಡು ಕೂರುತ್ತಿದ್ದ ಬಾಗಲಕೋಟೆಯ ಹುಡುಗಿ ಈ ವರ್ಷ ಮಧ್ಯಾಹ್ನ ಲೈಬ್ರರಿಗೆ ಹೋಗುತ್ತಾಳಂತೆ. ಓದುವ ಆಸೆ ಅಂತ ಟೀಚರ್ ಅಂದುಕೊಂಡಿದ್ದರು. ಬುತ್ತಿ ಇಲ್ಲ, ಅದಕ್ಕೆ ಹೋಗುವುದು. ಮೂರು ಗಂಟೆಯ ಗಣಿತ ಆ ಮಗುವಿನ ತಲೆಗೆ ಹೇಗೆ ಹೋಗಬೇಕು? ಇದನ್ನು ಕೇಳಿದ ಮೇಲೆ ನನಗೆ ಮಷಿನ್ ಮೇಲೆ ಕೂರಲು ಆಗಲಿಲ್ಲ. ಒಂಬತ್ತು, ಹತ್ತರ ಮಕ್ಕಳಿಗೂ ಊಟ ಕೊಡಲು ಪಿಟಿಎಯಿಂದ ಅಕ್ಕಿ, ತೆಂಗಿನಕಾಯಿ ಒಟ್ಟು ಮಾಡಲು ಆಗುತ್ತದಾ ಎಂದು ಮೀಟಿಂಗಿನಲ್ಲಿ ಮೊದಲು ಅದನ್ನೇ ಕೇಳುತ್ತೇನೆ. ಡಿವಿಷನ್ ಮಾತು ಆಮೇಲೆ.

ಮಾಷ್ಟ್ರೇ, ಐದು ವರ್ಷದ ಗ್ರೇಡ್ ಪಟ್ಟಿ ಕೊಡುತ್ತೇನೆಂದು ಎಚ್ಚೆಂ ಒಪ್ಪಿದ್ದಾರೆ. ಸಿಕ್ಕಿದಾಗ ಹೆಸರು ತೆಗೆದು ಇಲ್ಲಿ ಹಾಕಿದರೆ ನೋಡಿಕೊಡುತ್ತೀರಾ?

ಬದಿಯಡ್ಕದ ತಮ್ಮಾ, ಆ ನೋಟ್‌ಬುಕ್ ಇನ್ನೂ ಇದ್ದರೆ ಫೋಟೋ ತೆಗೆದು ಹಾಕು. ಪುಟ ಹರಿದಿದ್ದರೂ ಅಡ್ಡಿಯಿಲ್ಲ. 21 ಜೆರಾಕ್ಸ್ ಮಾಡಿಸುತ್ತೇನೆ.